ಹಿರಿಯರ ಮಾತು ಹಿಡಿದಿಡುವ ಬಗೆ

‘ನಮ್ಮ ಮುತ್ಯಾ ಹೇಳತಿದ್ದ’ ಎಂಬ ಮಾತು ಕೇಳಿಬರದ ಊರು ಕಲಬುರಗಿ ಜಿಲ್ಲೆಯಲ್ಲಿ ಸಿಗಲಾರದು. ಸೇಡಂ ತಾಲ್ಲೂಕಿನ ಆಡಕಿಯಲ್ಲಾಗಲಿ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಆಸುಪಾಸಿನಲ್ಲಾಗಲಿ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತರೆ ನಿಜಾಮನ ಕಾಲ, ರಜಾಕಾರರ ಹಾವಳಿ, ಬರಗಾಲ, ಕಲ್ಲುಗಣಿಯ ಕೂಲಿ ಇವುಗಳಲ್ಲಿ ಯಾವುದಾದರೊಂದು ಸಂಗತಿ ಬಂದೇ ಬರುತ್ತದೆ. ಆದರೆ ಮುತ್ಯಾ ಏನು ಹೇಳುತ್ತಿದ್ದ, ಯಾವ ಮಾತಿನಲ್ಲಿ ಹೇಳುತ್ತಿದ್ದ ಎಂದು ಬಿಡಿಸಿ ಕೇಳಿದರೆ ಉತ್ತರ ನಾಲ್ಕು ವಾಕ್ಯಕ್ಕೆ ಮುಗಿಯುತ್ತದೆ. ಮುತ್ಯಾ ಹೋದ, ಅವನ ಜೊತೆ ಅವನ ಮಾತೂ ಹೋಯಿತು. ಉಳಿದದ್ದು ಮಾತಿನ ಸಾರಾಂಶ ಮಾತ್ರ.

ಸಾರಾಂಶದ ಬದಲು ಮಾತನ್ನೇ ಉಳಿಸಿಕೊಳ್ಳಲು ಇಂದು ದೊಡ್ಡ ಸಲಕರಣೆ ಬೇಕಿಲ್ಲ. ಪ್ರತಿ ಮನೆಯಲ್ಲೂ ಇರುವ ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಣದ ಸೌಲಭ್ಯ ಇದೆ. ಕೊರತೆ ಇರುವುದು ಯಂತ್ರದ್ದಲ್ಲ. ಹೇಗೆ ಕೇಳಬೇಕು, ಕೇಳಿದ್ದನ್ನು ಹೇಗೆ ಕಾಪಾಡಬೇಕು ಎಂಬ ತಿಳಿವಳಿಕೆಯದು. ಇನ್ನೊಂದು ಕೊರತೆ ಸಮಯದ್ದು. 1948ರಲ್ಲಿ ಹತ್ತು ವರ್ಷದ ಹುಡುಗ ಹುಡುಗಿಯರಾಗಿದ್ದವರು ಇಂದು ತೊಂಬತ್ತರ ಹತ್ತಿರ ಬಂದಿದ್ದಾರೆ. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳನ್ನು ಕಣ್ಣಾರೆ ಕಂಡವರು ಊರಿಗೆ ಒಬ್ಬಿಬ್ಬರು ಉಳಿದಿದ್ದರೆ ಅದೇ ಹೆಚ್ಚು.

ಒಂದೇ ವರ್ಷದ ಎರಡು ಸಂಗತಿಗಳು

ವ್ಯಕ್ತಿಗಳ ನೆನಪನ್ನು ಸಂದರ್ಶನದ ಮೂಲಕ ದಾಖಲಿಸುವ ಕ್ರಮಕ್ಕೆ ‘ಮೌಖಿಕ ಇತಿಹಾಸ’ ಎಂದು ಹೆಸರು. ಇದಕ್ಕಾಗಿಯೇ ವಿಶ್ವವಿದ್ಯಾಲಯವೊಂದರಲ್ಲಿ ಪ್ರತ್ಯೇಕ ಕಚೇರಿ ತೆರೆದದ್ದು 1948ರಲ್ಲಿ, ಅಮೆರಿಕದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಅದರ ಹಿಂದಿದ್ದವರು ಇತಿಹಾಸಕಾರ ಆ್ಯಲನ್ ನೆವಿನ್ಸ್. ದೊಡ್ಡವರು ಈಗ ಪತ್ರ ಬರೆಯುವುದು ಕಡಿಮೆಯಾಗಿದೆ, ಎಲ್ಲವೂ ಟೆಲಿಫೋನಿನಲ್ಲೇ ಮುಗಿಯುತ್ತಿದೆ, ಮುಂದಿನ ಇತಿಹಾಸಕಾರನಿಗೆ ಕಾಗದವೇ ಸಿಗಲಿಕ್ಕಿಲ್ಲ ಎಂಬುದು ಅವರ ಚಿಂತೆಯಾಗಿತ್ತು. ಮೊದಲ ಸಂದರ್ಶನದಲ್ಲಿ ಯಂತ್ರವೇ ಇರಲಿಲ್ಲ. ವಿದ್ಯಾರ್ಥಿಯೊಬ್ಬರು ಪಕ್ಕದಲ್ಲಿ ಕುಳಿತು ಕೈಯಲ್ಲೇ ಬರೆದುಕೊಂಡರು. ಯಂತ್ರ ಬಂದದ್ದು ಆಮೇಲೆ.

ಅದೇ 1948ರಲ್ಲಿ, ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಅಂದಿನ ಗುಲಬರ್ಗಾ ಜಿಲ್ಲೆ ಆ ಸಂಸ್ಥಾನದ ಭಾಗ. 17ರ ಸಂಜೆ ನಿಜಾಮರು ರೇಡಿಯೊದಲ್ಲಿ ಮಾತನಾಡಿ ಶರಣಾಗತಿಯ ಸುದ್ದಿ ತಿಳಿಸಿದರು ಎಂಬುದು ಪುಸ್ತಕಗಳಲ್ಲಿದೆ. ಆದರೆ ರೇಡಿಯೊ ಇಲ್ಲದ ಹಳ್ಳಿಗೆ ಆ ಸುದ್ದಿ ಯಾವಾಗ ತಲುಪಿತು, ಯಾರ ಬಾಯಿಂದ ತಲುಪಿತು, ಕೇಳಿದವರು ಬಾಗಿಲು ತೆರೆದರೋ ಹಾಕಿಕೊಂಡರೋ? ಇದಕ್ಕೆ ಉತ್ತರ ಯಾವ ಸರ್ಕಾರಿ ಕಡತದಲ್ಲೂ ಸಿಗದು. ಆ ದಿನ ಹಳ್ಳಿಯಲ್ಲಿದ್ದವರೇ ಹೇಳಬೇಕು.

ಕಾರ್ಯಾಚರಣೆಗೆ ಮುಂಚೆ ರಜಾಕಾರರಿಂದ ಹಳ್ಳಿಗಳು ನೊಂದವು. ಎಷ್ಟೋ ಕುಟುಂಬಗಳು ಗಡಿ ದಾಟಿದವು. ಕಾರ್ಯಾಚರಣೆಯ ನಂತರದ ದಿನಗಳಲ್ಲಿ ಮುಸ್ಲಿಂ ಕುಟುಂಬಗಳು ಹಲವೆಡೆ ದಾಳಿಗೆ ಗುರಿಯಾದವು. ಇದನ್ನು ತಿಳಿಯಲು ಪಂಡಿತ ಸುಂದರಲಾಲ್ ಅವರ ನೇತೃತ್ವದ ತಂಡವೊಂದು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಿತು. ತಾನು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂಬ ಅಂದಾಜನ್ನು ಅದರ ವರದಿ ಕೊಟ್ಟಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು ಎಂದಿತು. ಸರ್ಕಾರ ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ.

ಐನೂರು ಜನ ಮಾತನಾಡಿದರು ಎಂಬುದನ್ನು ಇಲ್ಲಿ ಗಮನಿಸಬೇಕು. ಅವರು ಆಡಿದ ಭಾಷೆ ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು ಇರಬೇಕು. ವರದಿಯಲ್ಲಿ ಉಳಿದದ್ದು ಅವರ ಮಾತುಗಳ ಒಟ್ಟು ಸಾರ ಮಾತ್ರ. ಒಬ್ಬೊಬ್ಬರು ಏನೆಂದರು, ಯಾವುದನ್ನು ಹೇಳುವಾಗ ತಡವರಿಸಿದರು, ಯಾವುದನ್ನು ಹೇಳಲು ಒಪ್ಪಲಿಲ್ಲ ಎಂಬುದು ಸಾರದಲ್ಲಿ ಸಿಗುವುದಿಲ್ಲ. ಹಾಗಾಗಿಯೇ ಅಂಕಿಗಳ ಬಗ್ಗೆ ವಾದ ಇಂದಿಗೂ ನಡೆಯುತ್ತದೆ. ಮನುಷ್ಯರ ಬಗ್ಗೆ ತಿಳಿಯುವುದು ಮಾತ್ರ ಕಡಿಮೆ.

ತಂತಿಯ ಮೇಲೆ ಧ್ವನಿ

ಆ ಕಾಲಕ್ಕೆ ಧ್ವನಿಮುದ್ರಣ ಹೊಸದೇನೂ ಆಗಿರಲಿಲ್ಲ. 1902ರಲ್ಲೇ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಗ್ರಾಮಫೋನ್ ತಟ್ಟೆಗೆ ಇಳಿದಿತ್ತು. ಭಾರತದ ಭಾಷೆಗಳ ಸಮೀಕ್ಷೆ ನಡೆಸಿದ ಜಾರ್ಜ್ ಗ್ರಿಯರ್ಸನ್ ಅವರ ಯೋಜನೆಯ ಜೊತೆಯಲ್ಲೇ ದೇಶದ ಹಲವು ಭಾಷೆಗಳ ಆಡುಮಾತನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿಯಲಾಯಿತು. ಕನ್ನಡವೂ ಅದರಲ್ಲಿತ್ತು. ಆದರೆ ಆಗ ಮಾತನಾಡಿದವರು ತಮ್ಮ ಬದುಕಿನ ಕಥೆ ಹೇಳಲಿಲ್ಲ. ಬೈಬಲ್ಲಿನ ದಾರಿತಪ್ಪಿದ ಮಗನ ಕಥೆಯನ್ನು ಎಲ್ಲ ಭಾಷೆಯವರೂ ತಮ್ಮ ತಮ್ಮ ನುಡಿಯಲ್ಲಿ ಹೇಳಬೇಕಿತ್ತು. ಅದರ ಜೊತೆಗೆ ಒಂದು ಕಥೆಯೋ ಹಾಡೋ ಸೇರುತ್ತಿತ್ತು. ಭಾಷೆಯನ್ನು ಭಾಷೆಯೊಡನೆ ಹೋಲಿಸುವುದು ಅದರ ಉದ್ದೇಶ. ಧ್ವನಿ ಉಳಿಯಿತು, ಆದರೆ ಆ ಧ್ವನಿಯ ಒಡೆಯ ಯಾರು, ಅವನ ಕಷ್ಟ ಸುಖವೇನು ಎಂಬುದು ಯಂತ್ರದ ಮುಂದೆ ಬರಲೇ ಇಲ್ಲ.

ಇದಕ್ಕೆ ತೀರ ಬೇರೆಯಾದ ಕೆಲಸ ಮಾಡಿದವರು ಡೇವಿಡ್ ಬೋಡರ್ ಎಂಬ ಮನಶ್ಶಾಸ್ತ್ರಜ್ಞ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅವರು ಶಿಕಾಗೊದಿಂದ ಯುರೋಪಿಗೆ ಹೋದರು. ಕೈಯಲ್ಲಿದ್ದದ್ದು ಸಣ್ಣ ಉಕ್ಕಿನ ತಂತಿಯ ಮೇಲೆ ಧ್ವನಿ ಹಿಡಿಯುವ ಯಂತ್ರ. ನಾತ್ಸಿ ಶಿಬಿರಗಳಿಂದ ಬದುಕಿ ಬಂದವರನ್ನೂ ಮನೆಮಠ ಕಳೆದುಕೊಂಡ ಇತರರನ್ನೂ, ಒಟ್ಟು ನೂರಮೂವತ್ತರಷ್ಟು ಜನರನ್ನು, ಅವರವರ ಭಾಷೆಯಲ್ಲೇ ಮಾತನಾಡಿಸಿದರು. ಒಂಬತ್ತು ಭಾಷೆಗಳು, ಸುಮಾರು ತೊಂಬತ್ತು ಗಂಟೆಗಳ ಮಾತು. ಅವರ ದುಃಖಕ್ಕೆ ಇನ್ನೂ ಒಂದು ಹೆಸರು ಕೂಡ ಸಿಕ್ಕಿರದ ಕಾಲ ಅದು. ಬೇರೆಯವರು ಹೇಳಿದ್ದನ್ನು ಕೇಳಿ ತಿದ್ದಿಕೊಳ್ಳುವ ಮೊದಲೇ ಆಡಿದ ಮಾತಾದ್ದರಿಂದ ಅದರ ಬೆಲೆ ಇಂದಿಗೂ ಇಳಿದಿಲ್ಲ.

ಬರೆದುಕೊಂಡರೆ ಸಾಲದೇ?

ನೋಟುಬುಕ್ಕಿನಲ್ಲಿ ಬರೆದುಕೊಂಡರೆ ಸಾಲದೇ, ಧ್ವನಿಯೇ ಏಕೆ ಬೇಕು ಎಂದು ಕೇಳುವವರಿದ್ದಾರೆ. ಇದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿದೆ. ಅದು ಸಂದರ್ಶನದ್ದಲ್ಲ, ಹಾಡುಗಬ್ಬದ್ದು. ಆದರೂ ಪಾಠ ಒಂದೇ. ದಕ್ಷಿಣ ಕನ್ನಡದ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು ಬಲ್ಲವರು. 1980ರ ದಶಕದ ಮಧ್ಯಭಾಗದಲ್ಲಿ ಚಿನ್ನಪ್ಪ ಗೌಡರು ಅವರಿಂದ ಕಾವ್ಯವನ್ನು ಹೇಳಿಸಿ ಬರೆದುಕೊಂಡಾಗ ಸಿಕ್ಕದ್ದು ಸುಮಾರು 8,500 ಸಾಲು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಇವರ ತಂಡ ಅದೇ ಹಾಡುಗಾರರು ತಮ್ಮ ಲಯದಲ್ಲೇ ಹಾಡಲು ಬಿಟ್ಟು ಯಂತ್ರದಲ್ಲಿ ದಾಖಲಿಸಿತು. ಆಗ ಸಿಕ್ಕ ಸಾಲುಗಳು 15,683. ಹಾಡುಗಾರ ಒಬ್ಬರೇ, ಕಾವ್ಯವೂ ಒಂದೇ. ಬರೆಯುವ ಕೈಗಾಗಿ ಕಾಯುತ್ತ ಹೇಳಿದಾಗ ಮಾತು ಅರ್ಧಕ್ಕೆ ಇಳಿದಿತ್ತು.

ಸಾಮಾನ್ಯ ಮಾತುಕತೆಯಲ್ಲೂ ಹೀಗೆಯೇ ಆಗುತ್ತದೆ. ಎದುರಿಗಿದ್ದವರು ಬರೆದುಕೊಳ್ಳುತ್ತಿದ್ದಾರೆ ಎಂದು ಕಂಡ ಕೂಡಲೇ ಹೇಳುವವರು ‘ಮುಖ್ಯವಾದದ್ದು’ ಮಾತ್ರ ಹೇಳತೊಡಗುತ್ತಾರೆ. ಏನು ಮುಖ್ಯ ಎಂಬುದನ್ನು ಅವರು ಭಾಷಣಗಳಿಂದ, ಶಾಲೆಯ ಪಾಠಗಳಿಂದ ಕಲಿತಿರುತ್ತಾರೆ. ಅಡುಗೆ ಮನೆಯಲ್ಲಿ ಜೋಳದ ಚೀಲ ಎಲ್ಲಿ ಬಚ್ಚಿಟ್ಟರು, ಎತ್ತುಗಳನ್ನು ಯಾರ ಹೊಲದಲ್ಲಿ ಬಿಟ್ಟು ಓಡಿದರು ಎಂಬಂಥ ವಿವರ ಹೊರಗೆ ಉಳಿಯುತ್ತದೆ. ಮುಂದೆ ಬೇಕಾಗುವುದು ಬಹಳ ಸಲ ಆ ವಿವರವೇ.

ಇನ್ನು ಭಾಷೆ. ಸೇಡಂ, ಚಿಂಚೋಳಿಯ ಸೀಮೆ ತೆಲಂಗಾಣಕ್ಕೆ ಅಂಟಿಕೊಂಡಿದೆ. ಕನ್ನಡದ ನಡುವೆ ತೆಲುಗು, ದಖನಿ ಪದಗಳು ನೀರಿನಂತೆ ಹರಿಯುತ್ತವೆ. ತಾಂಡಾಗಳಲ್ಲಿ ಲಂಬಾಣಿ ಮಾತಿದೆ. ಇಂಥ ಮಾತನ್ನು ಬರೆದುಕೊಳ್ಳುವವರು ತಮಗೆ ಗೊತ್ತಿಲ್ಲದೆಯೇ ‘ಸಾಲಿ’ಯನ್ನು ಶಾಲೆ ಮಾಡುತ್ತಾರೆ, ‘ದವಾಖಾನಿ’ಯನ್ನು ಆಸ್ಪತ್ರೆ ಮಾಡುತ್ತಾರೆ, ‘ರೊಕ್ಕ’ವನ್ನು ಹಣ ಮಾಡುತ್ತಾರೆ. ಅರ್ಥ ಕೆಡದಿರಬಹುದು, ಆದರೆ ಹೇಳಿದವರು ಬೇರೊಬ್ಬರಾಗಿಬಿಡುತ್ತಾರೆ. ಕನ್ನಡದ ಹಳೆಯ ಕೃತಿ ಕವಿರಾಜಮಾರ್ಗ ಹುಟ್ಟಿದ್ದು ಇದೇ ಸೇಡಂ ತಾಲ್ಲೂಕಿನ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಈ ನಾಡಿನ ಜನ ಓದದಿದ್ದರೂ ಕಾವ್ಯದ ಮಾತಿನಲ್ಲಿ ನುರಿತವರು ಎಂದು ಒಂಬತ್ತನೆಯ ಶತಮಾನದಲ್ಲೇ ಆ ಕೃತಿ ಮೆಚ್ಚಿಕೊಂಡಿದೆ. ಓದದವರ ಮಾತನ್ನು ಓದಿದವರು ತಿದ್ದಿ ಬರೆದರೆ ಆ ಮೆಚ್ಚುಗೆಗೆ ಅರ್ಥವಿಲ್ಲ.

ಬರೆಯದವರ ಇತಿಹಾಸ

ಹೈದರಾಬಾದ್ ವಿಮೋಚನೆಯ ಬಗ್ಗೆ ನಾಯಕರು ಬರೆದಿದ್ದಾರೆ. ಸ್ವಾಮಿ ರಮಾನಂದ ತೀರ್ಥರ ನೆನಪುಗಳು ಪುಸ್ತಕವಾಗಿ ಬಂದಿವೆ. ಆದರೆ 1951ರ ಜನಗಣತಿಯ ವೇಳೆಗೆ ಹೈದರಾಬಾದ್ ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಜನರೂ ಇರಲಿಲ್ಲ. ಬಲ್ಲವರಲ್ಲೂ ಶಾಲೆ, ಕಚೇರಿಯ ಭಾಷೆಯಾದ ಉರ್ದು ಕಲಿತವರು ಅನೇಕರು. ಹೊಲಮನೆಯ ಕಾಗದವೇ ಉರ್ದುವಿನಲ್ಲಿದ್ದಾಗ ಅದರಲ್ಲಿ ಏನಿದೆ ಎಂದು ತಿಳಿಯಲು ರೈತ ಇನ್ನೊಬ್ಬರ ಬಳಿ ಹೋಗಬೇಕಿತ್ತು. ಇಂಥ ಕಡೆ ಕಾಗದವನ್ನೇ ನಂಬಿ ಇತಿಹಾಸ ಬರೆದರೆ ಹತ್ತರಲ್ಲಿ ಒಂಬತ್ತು ಜನ ಅದರಲ್ಲಿ ಇರುವುದಿಲ್ಲ.

ಪಕ್ಕದ ತೆಲಂಗಾಣದಲ್ಲಿ ಈ ಕೊರತೆಯನ್ನು ತುಂಬುವ ಪ್ರಯತ್ನ ಮೊದಲೇ ನಡೆಯಿತು. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಮಹಿಳೆಯರು 1940ರ ದಶಕದ ತೆಲಂಗಾಣ ರೈತ ಹೋರಾಟದಲ್ಲಿ ಭಾಗವಹಿಸಿದ್ದ ಹೆಂಗಸರನ್ನು ಹುಡುಕಿಕೊಂಡು ಹೋಗಿ ಅವರ ಬದುಕಿನ ಕಥೆಯನ್ನು ಅವರ ಮಾತಿನಲ್ಲೇ ದಾಖಲಿಸಿದರು. 1986ರಲ್ಲಿ ಅದು ತೆಲುಗು ಪುಸ್ತಕವಾಯಿತು, 1989ರಲ್ಲಿ ಇಂಗ್ಲಿಷಿಗೂ ಬಂತು. ಮಲ್ಲು ಸ್ವರಾಜ್ಯಂ ಅವರಂಥ ಹೆಸರಾದವರ ಜೊತೆಗೆ ಯಾರೂ ಕೇಳದಿದ್ದ ಹೆಂಗಸರೂ ಅದರಲ್ಲಿ ಮಾತನಾಡಿದ್ದಾರೆ. ಹೋರಾಟದ ದಿನಗಳಲ್ಲಿ ಸಿಕ್ಕ ಸ್ವಾತಂತ್ರ್ಯ, ಹೋರಾಟ ನಿಂತ ಮೇಲೆ ‘ಇನ್ನು ಮನೆಗೆ ಹೋಗಿ’ ಎಂದಾಗ ಆದ ನೋವು ಎರಡನ್ನೂ ಅವರು ಹೇಳಿದರು. ಪಕ್ಷದ ಚರಿತ್ರೆಯಲ್ಲಿ ಈ ಎರಡನೆಯದಕ್ಕೆ ಜಾಗ ಇರಲಿಲ್ಲ.

ಕಲಬುರಗಿ ಸೀಮೆಯಲ್ಲಿ ಕೇಳಬೇಕಾದವರ ಪಟ್ಟಿ ಇನ್ನೂ ಉದ್ದ ಇದೆ. ಶಹಾಬಾದದ ಗಣಿಗಳಲ್ಲಿ ಹಾಸುಗಲ್ಲು ಎಬ್ಬಿಸಿದವರು, 1960ರ ದಶಕದ ಕೊನೆಯಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆ ಏಳುವಾಗ ಹೊಲ ಬಿಟ್ಟು ಕೂಲಿಗೆ ಹೋದವರು, 1972ರ ಬರಗಾಲದಲ್ಲಿ ಕಾಮಗಾರಿಯಲ್ಲಿ ಕಲ್ಲು ಒಡೆದವರು, ಊರೂರು ಸುತ್ತಿದ ಸೂಲಗಿತ್ತಿಯರು, ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳೆಯ ನಿಜಾಮ ರೈಲು ಮಾರ್ಗದಲ್ಲಿ ದುಡಿದವರು. ಇವರಲ್ಲಿ ಯಾರೂ ಆತ್ಮಕಥೆ ಬರೆಯುವವರಲ್ಲ. ಆದರೆ ಕೇಳುವವರು ಸಿಕ್ಕರೆ ಹೇಳುವವರು. ರಂಗನಿರ್ದೇಶಕ ಬಿ.ವಿ. ಕಾರಂತರ ಆತ್ಮಕಥೆಯೇ ಅವರು ಹೇಳಿ, ಲೇಖಕಿ ವೈದೇಹಿ ಕೇಳಿ ಬರೆದದ್ದರಿಂದ ಕನ್ನಡಕ್ಕೆ ಸಿಕ್ಕಿತು ಎಂಬುದನ್ನು ನೆನೆದರೆ, ಕೇಳುವವರ ಕೆಲಸ ಸಣ್ಣದಲ್ಲ ಎಂದು ತಿಳಿಯುತ್ತದೆ.

ಕೇಳುವುದೂ ಒಂದು ವಿದ್ಯೆ

ಸಂದರ್ಶನ ಎಂದರೆ ಪರೀಕ್ಷೆಯಲ್ಲ. ‘ಮುತ್ಯಾ, ಆಗ ಭಾಳ ತ್ರಾಸ ಆಗಿತ್ತಲ್ಲ?’ ಎಂದು ಕೇಳಿದರೆ ‘ಹೂಂ, ಭಾಳ ತ್ರಾಸ ಆಗಿತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟುಕೊಟ್ಟ ಹಾಗಾಯಿತು. ಅದರ ಬದಲು ‘ಆ ವರ್ಷ ನಿಮ್ಮ ಮನ್ಯಾಗ ಯಾರ್‍ಯಾರು ಇದ್ದರಿ? ಸುದ್ದಿ ಹ್ಯಾಂಗ ಗೊತ್ತಾತು? ಅವತ್ತ ರಾತ್ರಿ ಎಲ್ಲಿ ಮಲಗಿದ್ರಿ?’ ಎಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಇರಬೇಕು. ‘ಹೌದು’ ಅಥವಾ ‘ಇಲ್ಲ’ ಎಂದು ಮುಗಿಸಲಾಗದ ಪ್ರಶ್ನೆಯಾಗಿರಬೇಕು.

ದೊಡ್ಡ ಘಟನೆಯಿಂದ ಆರಂಭಿಸುವುದಕ್ಕಿಂತ ಹುಟ್ಟಿದ ಊರು, ತಾಯಿಯ ತವರು, ಚಿಕ್ಕಂದಿನ ಆಟ, ಮನೆಯ ಅಡುಗೆ ಇವುಗಳಿಂದ ಆರಂಭಿಸುವುದು ಒಳ್ಳೆಯದು. ಮಾತನಾಡುವವರಿಗೆ ಧೈರ್ಯ ಬರುತ್ತದೆ. ಹಳೆಯ ಫೋಟೊ, ಬೀಸುವ ಕಲ್ಲು, ಖಂದೀಲು, ಪೆಟ್ಟಿಗೆಯ ತಳದಲ್ಲಿರುವ ಕಾಗದ ಇಂಥ ಯಾವುದಾದರೂ ವಸ್ತುವನ್ನು ಎದುರಿಗಿಟ್ಟರೆ ಪ್ರಶ್ನೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೇಳುವವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಸುಮ್ಮನಿರುವುದು. ಹೇಳುವವರು ಮಾತು ನಿಲ್ಲಿಸಿದ ಕೂಡಲೇ ಮುಂದಿನ ಪ್ರಶ್ನೆ ಹಾಕುವ ಅವಸರ ಎಲ್ಲರಿಗೂ ಇರುತ್ತದೆ. ಆದರೆ ಹತ್ತು ಎಣಿಸುವಷ್ಟು ಹೊತ್ತು ಕಾದರೆ ಬಹಳ ಸಲ ನಿಜವಾದ ಸಂಗತಿ ಆಗ ಬರುತ್ತದೆ. ಯಂತ್ರ ಆ ಮೌನವನ್ನೂ ಹಿಡಿದಿಡುತ್ತದೆ. ಪೆನ್ನಿಗೆ ಅದು ಸಾಧ್ಯವಿಲ್ಲ. ‘ಹೌದ್ರಿ’, ‘ಹಾಂ’ ಎಂದು ನಡುನಡುವೆ ದನಿಗೂಡಿಸುವ ಬದಲು ತಲೆಯಾಡಿಸಿದರೆ ಸಾಕು. ಮಾತಿನ ಮೇಲೆ ಮಾತು ಬಿದ್ದರೆ ಆಮೇಲೆ ಕೇಳುವವರಿಗೆ ಎರಡೂ ತಿಳಿಯುವುದಿಲ್ಲ.

ಮನೆಯ ಹೆಂಗಸರನ್ನು ಕೇಳುವಾಗ ಗಂಡಸರು ಪಕ್ಕದಲ್ಲಿ ಕುಳಿತು ‘ಆಕಿಗೇನು ಗೊತ್ತ, ನಾ ಹೇಳ್ತೀನಿ’ ಎನ್ನುವುದು ಎಲ್ಲ ಊರಲ್ಲೂ ಉಂಟು. ಆಯಿಯ ಮಾತು ಬೇಕಿದ್ದರೆ ಗಂಡಸರು ಹೊಲಕ್ಕೆ ಹೋದ ಹೊತ್ತು ನೋಡಿಕೊಂಡು ಹೋಗಬೇಕು. ಆಕೆ ತೊಗರಿ ಹಸನು ಮಾಡುತ್ತಲೇ ಮಾತನಾಡಲಿ. ಮರದ ಸದ್ದು ಸ್ವಲ್ಪ ಬಂದರೆ ಬರಲಿ. ಇಬ್ಬರನ್ನೂ ಬೇರೆ ಬೇರೆ ಕೇಳಿದರೆ ಒಂದೇ ಮನೆಯ ಎರಡು ಇತಿಹಾಸ ಸಿಗುವುದುಂಟು.

ಫರಸಿ ಕಲ್ಲಿನ ಮನೆಯಲ್ಲಿ

ಈ ಭಾಗದ ಮನೆಗಳಿಗೆ ಒಂದು ವಿಶೇಷ ತೊಂದರೆ ಇದೆ. ನೆಲ ಫರಸಿ ಕಲ್ಲಿನದು, ಎಷ್ಟೋ ಮನೆಗಳ ಗೋಡೆಯೂ ಕಲ್ಲಿನದೇ. ನಯವಾದ ಕಲ್ಲು ಧ್ವನಿಯನ್ನು ಹೀರಿಕೊಳ್ಳುವುದಿಲ್ಲ, ತಿರುಗಿಸಿ ಎಸೆಯುತ್ತದೆ. ಬರಿದಾದ ಕೋಣೆಯಲ್ಲಿ ಮುದ್ರಿಸಿದ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಇದಕ್ಕೆ ಉಪಾಯ ಮನೆಯಲ್ಲೇ ಇದೆ. ನೆಲಕ್ಕೆ ಒಂದು ಕೌದಿ ಹಾಸಿ, ಹಿಂದಿನ ಗೋಡೆಗೆ ಇನ್ನೊಂದು ಕೌದಿ ತೂಗುಬಿಟ್ಟರೆ ಮಾರ್ದನಿ ಬಹುಮಟ್ಟಿಗೆ ಇಳಿಯುತ್ತದೆ. ಕಾಳಿನ ಚೀಲ ಒಟ್ಟಿದ ಕೋಣೆ ಇನ್ನೂ ಉತ್ತಮ.

ಫ್ಯಾನು, ಟಿ.ವಿ., ನೀರಿನ ಮೋಟರು ನಿಲ್ಲಿಸಬೇಕು. ಮನುಷ್ಯನ ಕಿವಿ ಬೇಕಾದ್ದನ್ನು ಮಾತ್ರ ಆರಿಸಿ ಕೇಳುತ್ತದೆ, ಯಂತ್ರಕ್ಕೆ ಆ ಬುದ್ಧಿ ಇಲ್ಲ. ಫೋನು ಅಥವಾ ಮೈಕು ಮಾತನಾಡುವವರ ಬಾಯಿಯಿಂದ ಒಂದು ಗೇಣಿನಷ್ಟು ದೂರದಲ್ಲಿರಲಿ. ದೂರ ಎರಡು ಪಟ್ಟಾದರೆ ಮೈಕಿಗೆ ತಲುಪುವ ಧ್ವನಿಯ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹೊರಗಿನ ಲಾರಿಯ ಸದ್ದು ಮಾತ್ರ ಇಳಿಯುವುದಿಲ್ಲ. ಅಂಗಿಗೋ ಸೆರಗಿಗೋ ಸಿಕ್ಕಿಸುವ ಸಣ್ಣ ಕಾಲರ್ ಮೈಕ್ ಸಿಕ್ಕರೆ ಇನ್ನೂ ಅನುಕೂಲ. ಸೆರಗು ಅದರ ಮೇಲೆ ಉಜ್ಜದಂತೆ ನೋಡಿಕೊಳ್ಳಬೇಕಷ್ಟೆ.

ಫೋನನ್ನು ಫ್ಲೈಟ್ ಮೋಡಿಗೆ ಹಾಕಿದರೆ ನಡುವೆ ಕರೆ ಬಂದು ಮುದ್ರಣ ನಿಲ್ಲುವ ಭಯ ಇಲ್ಲ. ಸಾಧ್ಯವಿದ್ದರೆ ‘ವೇವ್’ ಎಂಬ ರೂಪದಲ್ಲಿ ಮುದ್ರಿಸಬೇಕು. ಎಂಪಿ3 ಮೊದಲಾದ ರೂಪಗಳು ಜಾಗ ಉಳಿಸಲು ಧ್ವನಿಯ ಒಂದಷ್ಟು ಭಾಗವನ್ನು ಬಿಟ್ಟುಬಿಡುತ್ತವೆ. ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ದಾಖಲೆ ಸಂಗ್ರಹಗಳು ಒಪ್ಪುವ 48 ಕಿಲೋಹರ್ಟ್ಸ್, 24 ಬಿಟ್ ಮಟ್ಟದಲ್ಲಿ ಒಂದು ಮೈಕಿನ ಒಂದು ಗಂಟೆಯ ಮಾತಿಗೆ 500 ಎಂಬಿಗಿಂತ ಸ್ವಲ್ಪ ಹೆಚ್ಚು ಜಾಗ ಬೇಕು. 64 ಜಿಬಿಯ ಒಂದು ಕಾರ್ಡಿನಲ್ಲಿ ನೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಆರಂಭದಲ್ಲಿ ಒಂದು ನಿಮಿಷ ಮುದ್ರಿಸಿ ಕೇಳಿ ನೋಡಬೇಕು. ಆಮೇಲೆ ತಾರೀಖು, ಊರು, ಹೇಳುವವರ ಹೆಸರು, ಕೇಳುವವರ ಹೆಸರು ಇವನ್ನು ಬಾಯಲ್ಲೇ ಹೇಳಿ ಮುಂದುವರಿಯಬೇಕು. ಕಾಗದದ ಚೀಟಿ ಕಳೆದರೂ ಧ್ವನಿಯೊಳಗಿನ ಈ ಗುರುತು ಕಳೆಯುವುದಿಲ್ಲ. ವಯಸ್ಸಾದವರಿಗೆ ಒಂದು, ಒಂದೂವರೆ ಗಂಟೆಗಿಂತ ಹೆಚ್ಚು ಆಯಾಸ ಕೊಡಬಾರದು. ಉಳಿದದ್ದನ್ನು ಇನ್ನೊಂದು ದಿನ ಕೇಳಿದರಾಯಿತು. ನಡುವೆ ನೆನಪೂ ಹಸಿಯಾಗುತ್ತದೆ.

ಫಸಲಿ ವರ್ಷ, ಹಾಲಿ ಸಿಕ್ಕಾ

ಹಿರಿಯರು ಇಸವಿ ಹೇಳುವುದು ಕಡಿಮೆ. ‘ರಜಾಕಾರರ ಗದ್ದಲದಾಗ ನಾ ಕುರಿ ಕಾಯ್ತಿದ್ದೆ’ ಎನ್ನುತ್ತಾರೆ. ಇಂಥಲ್ಲಿ ಕೇಳುವವರಿಗೆ ಸ್ವಲ್ಪ ಪೂರ್ವಸಿದ್ಧತೆ ಬೇಕು. ನಿಜಾಮ ಸರ್ಕಾರದ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದು ಅಕ್ಟೋಬರಿನ ಸುಮಾರಿಗೆ ಆರಂಭವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ. ಹೀಗೆ 1357 ಫಸಲಿ ಎಂದರೆ 1947ರ ಅಕ್ಟೋಬರಿನಿಂದ ಮುಂದಿನ ಒಂದು ವರ್ಷ. ಪೊಲೀಸ್ ಕಾರ್ಯಾಚರಣೆ ಅದರ ಕೊನೆಯ ದಿನಗಳಲ್ಲಿ ಬರುತ್ತದೆ.

ಹಣದ ಲೆಕ್ಕವೂ ಹಾಗೆಯೇ. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ, ಬ್ರಿಟಿಷರದು ಕಲದಾರ. ಏಳು ಹಾಲಿ ರೂಪಾಯಿಗೆ ಆರು ಕಲದಾರ ಎಂಬ ಲೆಕ್ಕ ಇತ್ತು. ಗಣಿಯಲ್ಲಿ ಇಷ್ಟು ಆಣೆ ಕೂಲಿ ಎಂದು ಯಾರಾದರೂ ಹೇಳಿದರೆ ಯಾವ ಆಣೆ ಎಂದು ಕೇಳಿಕೊಳ್ಳುವುದು ಲೇಸು. ಇಷ್ಟು ತಿಳಿದು ಹೋದವರನ್ನು ಕಂಡರೆ ಹೇಳುವವರಿಗೂ ಉತ್ಸಾಹ ಬರುತ್ತದೆ.

ನೆನಪು ತಪ್ಪಿದರೆ?

ವಯಸ್ಸಾದವರ ನೆನಪನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜ. ಇಟಲಿಯ ಟೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ 21 ವರ್ಷದ ಕಾರ್ಮಿಕ 1949ರ ಮಾರ್ಚ್ 17ರಂದು ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಸತ್ತ. ದೇಶ ನ್ಯಾಟೊ ಕೂಟಕ್ಕೆ ಸೇರುವುದನ್ನು ವಿರೋಧಿಸಿ ಕಾರ್ಮಿಕರು ಹೊರಬಂದ ದಿನ ಅದು. ಹಲವು ವರ್ಷಗಳ ನಂತರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಎಂಬ ವಿದ್ವಾಂಸರು ಊರಿನವರನ್ನು ಕೇಳಿದಾಗ ಅನೇಕರು ಅವನು ಸತ್ತದ್ದು 1953ರಲ್ಲಿ, ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ ಎಂದರು. ಇಸವಿ ತಪ್ಪು. ಆದರೆ ಆ ತಪ್ಪಿಗೆ ಅರ್ಥ ಇತ್ತು. ಕೆಲಸ ಕಳೆದುಕೊಂಡ ಏಟು ಊರಿನ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಆ ಸಾವು ಕೂಡ ಅದರ ಜೊತೆಗೇ ಸೇರಿಹೋಗಿತ್ತು. ನಡೆದದ್ದೇನು ಎಂದು ಪತ್ರಿಕೆ, ಕಡತ ಹೇಳುತ್ತವೆ. ನಡೆದದ್ದು ಜನರಿಗೆ ಏನಾಗಿ ಕಂಡಿತು ಎಂದು ನೆನಪು ಹೇಳುತ್ತದೆ. ಎರಡನ್ನೂ ಹತ್ತಿರ ಇಟ್ಟು ನೋಡಬೇಕು. ಆದ್ದರಿಂದ ಮುತ್ಯಾ ಇಸವಿ ತಪ್ಪಿ ಹೇಳಿದರೆ ಅಲ್ಲೇ ತಿದ್ದಬಾರದು. ಬೇರೆ ಕಡೆ ಗುರುತು ಮಾಡಿಕೊಂಡರೆ ಸಾಕು.

ಮಾತಿನ ಜವಾಬ್ದಾರಿ

ಒಬ್ಬರ ಮಾತನ್ನು ಯಂತ್ರದಲ್ಲಿ ಹಿಡಿಯುವುದೆಂದರೆ ಅವರ ಒಡವೆಯನ್ನು ಕೈಗೆ ತೆಗೆದುಕೊಂಡ ಹಾಗೆ. ಏಕೆ ಕೇಳುತ್ತಿದ್ದೇವೆ, ಎಲ್ಲಿಡುತ್ತೇವೆ, ಯಾರು ಕೇಳಬಹುದು ಎಂಬುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಅಕ್ಷರ ಬಾರದವರಿಂದ ಒಪ್ಪಿಗೆಯ ಮಾತನ್ನೇ ಮುದ್ರಿಸಿಕೊಳ್ಳಬಹುದು. ಕದ್ದು ಮುದ್ರಿಸುವುದು ಎಂದೂ ಸಲ್ಲದು.

ಈ ಸೀಮೆಯಲ್ಲಿ ಇದು ಬರಿಯ ಶಿಷ್ಟಾಚಾರವಲ್ಲ. 1948ರಲ್ಲಿ ಯಾರ ಮನೆಗೆ ಯಾರು ಬೆಂಕಿ ಇಟ್ಟರು, ಯಾರ ಹೊಲ ಯಾರ ಕೈ ಸೇರಿತು ಎಂಬ ಮಾತು ಬಂದರೆ ಆ ಹೆಸರಿನವರ ಮೊಮ್ಮಕ್ಕಳು ಅದೇ ಓಣಿಯಲ್ಲಿ ಇರುತ್ತಾರೆ. ಅಂದು ಪಕ್ಕದ ಮನೆಯವರನ್ನು ಬಚ್ಚಿಟ್ಟು ಕಾಪಾಡಿದವರ ಕಥೆಯೂ ಅದೇ ಬಾಯಿಂದ ಬರಬಹುದು. ಜಾತಿಯ ಅವಮಾನ, ಹೆಂಗಸರ ಮೇಲಿನ ದೌರ್ಜನ್ಯ ಇಂಥವನ್ನು ಹೇಳಿದವರು ಮರುದಿನ ‘ಅದನ್ನ ಯಾರಿಗೂ ಕೇಳಿಸಬ್ಯಾಡ್ರಿ’ ಎನ್ನಬಹುದು. ಅವರ ಮಾತಿಗೆ ಬೆಲೆ ಕೊಟ್ಟು ಆ ಭಾಗವನ್ನು ಇಂತಿಷ್ಟು ವರ್ಷ ಮುಚ್ಚಿಡುವುದು ಜಗತ್ತಿನ ಎಲ್ಲ ಒಳ್ಳೆಯ ಸಂಗ್ರಹಗಳಲ್ಲಿರುವ ಪದ್ಧತಿ. ಎರಡು ನಿಮಿಷದ ತುಣುಕು ಕತ್ತರಿಸಿ ವಾಟ್ಸ್ಆ್ಯಪಿನಲ್ಲಿ ಹರಿಬಿಡುವುದು ಇದಕ್ಕೆ ನೇರ ವಿರುದ್ಧ. ಇಡೀ ಮಾತಿನಲ್ಲಿ ದುಃಖವಾಗಿದ್ದದ್ದು ತುಣುಕಿನಲ್ಲಿ ದ್ವೇಷವಾಗಿಬಿಡುತ್ತದೆ. ಮುದ್ರಣವನ್ನು ಇಡಿಯಾಗಿ, ಕತ್ತರಿಸದೆ ಕಾಪಾಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಉಳಿಸಿದ್ದನ್ನು ಉಳಿಸುವುದು

ಮುದ್ರಿಸಿದ ಮಾತ್ರಕ್ಕೆ ಮಾತು ಉಳಿಯಿತು ಎನ್ನುವಂತಿಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಜಗತ್ತಿನ ಹಲವು ರೇಡಿಯೊ ಕೇಂದ್ರಗಳು ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಮುದ್ರಿಸುತ್ತಿದ್ದವು. ಮನೆಮನೆಯಲ್ಲಿದ್ದ ಕ್ಯಾಸೆಟ್ಟುಗಳು ಈಗ ಬೂಷ್ಟು ಹಿಡಿದಿವೆ, ಅವನ್ನು ಹಾಕುವ ಯಂತ್ರವೂ ಅಪರೂಪವಾಗಿದೆ. ಅಜ್ಜನೋ ಅಜ್ಜಿಯೋ ಮಾತನಾಡಿದ ಕ್ಯಾಸೆಟ್ ಮನೆಯಲ್ಲಿದ್ದರೆ ಅದನ್ನು ಡಿಜಿಟಲ್ ರೂಪಕ್ಕೆ ಇಳಿಸುವುದು ಮೊದಲ ಕೆಲಸ. ಮೊಬೈಲ್ ಕೂಡ ಶಾಶ್ವತವಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಸರಳವಾದ ಸೂತ್ರ.

ಮುದ್ರಣದ ಜೊತೆಗೆ ಒಂದು ಹಾಳೆಯಲ್ಲಿ ಯಾವ ನಿಮಿಷದಲ್ಲಿ ಯಾವ ವಿಷಯ ಎಂದು ಬರೆದಿಡಬೇಕು. ಒಂದು ಗಂಟೆಯ ಮಾತನ್ನು ಪೂರ್ತಿ ಬರೆದಿಳಿಸಲು ಆರೇಳು ಗಂಟೆ ಹಿಡಿಯುತ್ತದೆ. ಮಾತನ್ನು ತಾನೇ ಅಕ್ಷರ ಮಾಡುವ ತಂತ್ರಾಂಶಗಳು ಬಂದಿವೆಯಾದರೂ ತೆಲುಗು, ದಖನಿ ಬೆರೆತ ಈ ಭಾಗದ ಮಾತಿನಲ್ಲಿ ಎಡವುತ್ತವೆ. ಆದ್ದರಿಂದ ಊರಿನವರೇ ಕಿವಿಗೊಟ್ಟು ತಿದ್ದಬೇಕು. ಮೊದಲ ಪ್ರತಿಯನ್ನು ಹೇಳಿದವರ ಮನೆಗೇ ಕೊಡಬೇಕು ಎಂಬುದನ್ನು ಮರೆಯಬಾರದು.

ದೇಶವಿಭಜನೆಯ ನೆನಪುಗಳಿಗಾಗಿ ಗುನೀತಾ ಸಿಂಗ್ ಭಲ್ಲಾ ಅವರು ಆರಂಭಿಸಿದ 1947ರ ವಿಭಜನೆಯ ಸಂಗ್ರಹ ತರಬೇತಿ ಪಡೆದ ಸಾಮಾನ್ಯ ಜನರ ನೆರವಿನಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾತನ್ನು ಕಲೆಹಾಕಿದೆ. ಕಲಬುರಗಿ ಸೀಮೆಯಲ್ಲಿ ಅಷ್ಟು ದೊಡ್ಡ ಸಂಖ್ಯೆ ಬೇಕಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಾಲೇಜುಗಳ ಒಬ್ಬೊಬ್ಬ ವಿದ್ಯಾರ್ಥಿ ತನ್ನ ಊರಿನ ಒಬ್ಬೊಬ್ಬ ಹಿರಿಯರನ್ನು ಒಂದು ಗಂಟೆ ಕೇಳಿದರೆ ನಿಜಾಮನ ಕಾಲದಿಂದ ಸಿಮೆಂಟಿನ ಕಾಲದವರೆಗಿನ ಚರಿತ್ರೆ ಆ ಸೀಮೆಯ ಮಾತಿನಲ್ಲೇ ಸಿಕ್ಕೀತು.

2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ. ಭಾಷಣ ಮಾಡುವವರಲ್ಲಿ ಆ ದಿನವನ್ನು ಕಂಡವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಕಂಡವರು ಎಲ್ಲೋ ಪಡಸಾಲೆಯಲ್ಲಿ ಕೌದಿ ಹೊದ್ದು ಕುಳಿತಿದ್ದಾರೆ. ಅವರಿಗೆ ಹೇಳಲಿಕ್ಕಿದೆ. ತಡವಾಗುತ್ತಿರುವುದು ಕೇಳುವವರಿಂದ.